ಗೇಣು ಯಾರದು?

ಕಲೆಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಕಲೆಗೆ ಇಲ್ಲದಿರಬಹುದು, ಕಲೆಯ ಸಲಕರಣೆಗೆ ಇದೆ. ನಂಬದವರು ಪಿಯಾನೋ ಎಂಬ ವಾದ್ಯವನ್ನು ನೋಡಲಿ.

ನಾನು ಪಿಯಾನೋ ನುಡಿಸಿದವಳಲ್ಲ. ರೇಡಿಯೋ, ಕ್ಯಾಸೆಟ್ಟುಗಳ ಕಾಲದಿಂದ ಕೇಳುತ್ತ ಬಂದವಳು, ಅದರ ಬಗ್ಗೆ ಕೈಗೆ ಸಿಕ್ಕಿದ್ದನ್ನು ಓದಿದವಳು, ಅಷ್ಟೆ. ಹಾರ್ಮೋನಿಯಂನಲ್ಲಿ ನಾವು ಮನೆಗಳೆನ್ನುವ ಕಪ್ಪು ಬಿಳಿ ಪಟ್ಟಿಗಳು ಇಂದಿನ ಪಿಯಾನೋದಲ್ಲಿ 88. ಒಂದು ಸ್ಥಾಯಿಯ ಅಗಲ ಸುಮಾರು 16.5 ಸೆಂಟಿಮೀಟರು. ಲಂಡನ್ನಿಗೆ ಹೋಗಲಿ, ಟೋಕಿಯೋಗೆ ಹೋಗಲಿ, ಕಛೇರಿಯ ವೇದಿಕೆಯ ಮೇಲೆ ಸಿಗುವುದು ಇದೇ ಅಳತೆ. ಪಿಟೀಲಿನವಳು ತನ್ನ ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗುತ್ತಾಳೆ. ಮಕ್ಕಳಿಗೆಂದೇ ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳೂ ಇವೆ. ಅರ್ಧ ಟನ್ನಿನ ಹತ್ತಿರ ತೂಗುವ ಪಿಯಾನೋವನ್ನು ಯಾರು ಹೊತ್ತಾರು? ಅಲ್ಲಿರುವ ವಾದ್ಯಕ್ಕೆ ವಾದಕಿಯೇ ತನ್ನ ಕೈಯನ್ನು ಒಗ್ಗಿಸಿಕೊಳ್ಳಬೇಕು.

ಆ ಕೈಯ ಲೆಕ್ಕವನ್ನೂ ನೋಡಿ. ಆಸ್ಟ್ರೇಲಿಯಾದ ಸಂಶೋಧಕರು 473 ವಯಸ್ಕ ವಾದಕರ ಗೇಣನ್ನು ಅಳೆದು 2015ರಲ್ಲಿ ವಿವರ ಪ್ರಕಟಿಸಿದರು. ಹೆಂಗಸರ ಗೇಣು ಗಂಡಸರದಕ್ಕಿಂತ ಸರಾಸರಿ ಒಂದು ಅಂಗುಲ ಕಡಿಮೆ. ಈಗಿನ ಪಟ್ಟಿಗಳ ಮೇಲೆ ಸಲೀಸಾಗಿ ಆಡಲು ಸಾಲದ ಕೈಗಳು ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 87! ವಾರ್ಸಾದ ಶೋಪಾನ್ ಸ್ಪರ್ಧೆ 1927ರಿಂದ 2025ರವರೆಗೆ 19 ಸಲ ನಡೆದಿದೆ. ಮೊದಲ ಬಹುಮಾನ ಪಡೆದ ಹೆಂಗಸರು ನಾಲ್ವರೇ. ಇದಕ್ಕೆ ಪಟ್ಟಿಯ ಅಗಲವೊಂದೇ ಕಾರಣ ಎನ್ನುವಷ್ಟು ದಡ್ಡಿಯಲ್ಲ ನಾನು. ಆದರೆ ಅದು ಕಾರಣವೇ ಅಲ್ಲ ಎನ್ನುವವರನ್ನು ಜಾಣರೆಂದು ಒಪ್ಪಲಾರೆ.

ಈ ಅಳತೆಯೇನು ಬ್ರಹ್ಮ ಬರೆದದ್ದೆ? ಮೊಟ್ಸಾರ್ಟ್ 1780ರ ದಶಕದಲ್ಲಿ ವಿಯೆನ್ನಾದಲ್ಲಿ ನುಡಿಸುತ್ತಿದ್ದ, ಆಂಟನ್ ವಾಲ್ಟರ್ ಮಾಡಿದ ಪಿಯಾನೋದಲ್ಲಿ ಇದ್ದದ್ದು 61 ಪಟ್ಟಿಗಳು. ಚೌಕಟ್ಟು ಮರದ್ದು, ಸುತ್ತಿಗೆಗಳಿಗೆ ತೊಗಲಿನ ಹೊದಿಕೆ. ಆ ಕಾಲದ ವಿಯೆನ್ನಾದ ವಾದ್ಯಗಳಲ್ಲಿ ಪಟ್ಟಿಗಳು ಈಗಿನದಕ್ಕಿಂತ ಕಿರಿದು. ಒತ್ತಬೇಕಾದ ಆಳ ಈಗಿನದರ ಅರ್ಧದಷ್ಟು. ಒಬ್ಬೊಬ್ಬ ತಯಾರಕನಿಗೆ ಒಂದೊಂದು ಅಳತೆ. ಆಮೇಲೆ 19ನೆಯ ಶತಮಾನದಲ್ಲಿ ಸಭಾಂಗಣಗಳು ದೊಡ್ಡವಾದವು, ಸದ್ದು ದೊಡ್ಡದಾಗಬೇಕಾಯಿತು. ಎರಕದ ಕಬ್ಬಿಣದ ಚೌಕಟ್ಟು ಬಂತು, ತಂತಿಗಳ ಬಿಗಿತ ಒಟ್ಟು 20 ಟನ್ನಿನ ಹತ್ತಿರ ಹೋಯಿತು. ಲಿಸ್ಟ್, ಆಂಟನ್ ರೂಬಿನ್‌ಸ್ಟೈನ್‌ರಂಥ ಗಂಡಸರು ಗುಡುಗಿದ ಕಾಲ ಅದು. ಆ ಶತಮಾನ ಮುಗಿಯುವ ಹೊತ್ತಿಗೆ ಅಳತೆ ಗಟ್ಟಿಯಾಗಿ ಕೂತುಬಿಟ್ಟಿತು. ಯುರೋಪಿನ ಮಧ್ಯಮವರ್ಗದ ಮನೆಗಳಲ್ಲಿ ಪಿಯಾನೋ ಮುಂದೆ ಕೂರುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳೇ. ನಮ್ಮಲ್ಲಿ ಹೆಣ್ಣು ನೋಡಲು ಬಂದವರೆದುರು ಒಂದು ದೇವರನಾಮ ಹಾಡಿಸುವ ಹಾಗೆಯೇ ಅದೂ. ಅವರ ಗೇಣನ್ನು ಮಾತ್ರ ಯಾರೂ ಕೇಳಲಿಲ್ಲ.

ಬೇರೆ ಅಳತೆಯ ಪಟ್ಟಿ ಬೇಕೆಂದರೆ ಬರುವ ಮೊದಲ ಉತ್ತರ, ಅಳತೆ ಬದಲಾದರೆ ಬೆರಳು ತಪ್ಪುತ್ತದೆ ಎಂಬುದು. ಹೌದೆ? ಹಾಗಿದ್ದರೆ ಹಳೆಯ ಪಿಯಾನೋಗಳನ್ನೂ ಹೊಸ ಪಿಯಾನೋಗಳನ್ನೂ ನುಡಿಸುವವರ ಬದುಕು ನಡೆಯುವುದು ಹೇಗೆ? ಅಮೆರಿಕದ ಮಾಲ್ಕಂ ಬಿಲ್ಸನ್ ಇಂದಿನ ಪಿಯಾನೋದಲ್ಲಿ ಕಲಿತವರು. ಮೊಟ್ಸಾರ್ಟನ ಕಾಲದ ಮಾದರಿಯ ವಾದ್ಯಕ್ಕೆ ಕೈ ಹಾಕಿ, 1980ರ ದಶಕದಲ್ಲಿ ಅವನ ಕನ್ಚರ್ಟೋಗಳನ್ನು ಅದರಲ್ಲೇ ಧ್ವನಿಮುದ್ರಿಸಿದರು. ಹಂಗೇರಿಯಲ್ಲಿ ಹುಟ್ಟಿದ ಆಂಡ್ರಾಶ್ ಶಿಫ್ ಇಂದಿನ ದೊಡ್ಡ ಪಿಯಾನೋಗಳಲ್ಲಿ ಹೆಸರು ಮಾಡಿದವರು. ಅವರೇ 1820ರ ಸುಮಾರಿನ ಬ್ರೋಡ್ಮನ್ ಪಿಯಾನೋದಲ್ಲಿ ಶೂಬರ್ಟನನ್ನು ನುಡಿಸಿದ ಮುದ್ರಿಕೆ 2015ರಲ್ಲಿ ಬಂತು. ಹಳೆಯ ಬಗೆಯ ಪಿಯಾನೋಗಳಿಗೆಂದೇ ವಾರ್ಸಾದಲ್ಲಿ 2018ರಲ್ಲಿ, ಮತ್ತೆ 2023ರಲ್ಲಿ ಪ್ರತ್ಯೇಕ ಸ್ಪರ್ಧೆ ನಡೆಯಿತು. ಅಲ್ಲಿ ಎಳೆಯರು ಬೇರೆ ಬೇರೆ ತಯಾರಕರ ವಾದ್ಯಗಳ ಮುಂದೆ ಕೂತು ನುಡಿಸಿದರು. ಅಗಲ, ಆಳ, ಭಾರ ಒಂದೊಂದರಲ್ಲಿ ಒಂದೊಂದು ಬಗೆ. ಇವರ ಬೆರಳು ತಪ್ಪುತ್ತದೆಂದು ಯಾರೂ ಗೋಳಾಡಲಿಲ್ಲ. ಸತ್ತುಹೋದ ಸಂಗೀತಗಾರನಿಗಾಗಿ ಅಳತೆ ಬದಲಿಸಿದರೆ ಅದು ಪಾಂಡಿತ್ಯ, ಬದುಕಿರುವ ಹೆಣ್ಣಿಗಾಗಿ ಬದಲಿಸಿದರೆ ಅದು ರಿಯಾಯಿತಿ!

ಎರಡನೆಯ ಉತ್ತರ, ಬಾರ್ಸಿಲೋನಾದ ಅಲಿಸಿಯಾ ದೆ ಲಾರೋಚಾ (1923-2009) ಅವರನ್ನು ತೋರಿಸುವುದು. ಐದಡಿಯೂ ಇಲ್ಲದ ಪುಟ್ಟ ಹೆಂಗಸು, ಪುಟ್ಟ ಕೈ, ಆದರೂ ಜಗತ್ತನ್ನು ಗೆಲ್ಲಲಿಲ್ಲವೆ ಎಂದು. ಗೆದ್ದರು, ಅವರಿಗೆ ನಮಸ್ಕಾರ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ತರ್ಕ ಚೆನ್ನಾಗಿ ಗೊತ್ತು. ಒಬ್ಬಳು ಬೀದಿದೀಪದ ಕೆಳಗೆ ಓದಿ ಮೊದಲ ದರ್ಜೆ ತೆಗೆದಳೆಂದು ಉಳಿದವರ ಮನೆಗೆ ದೀಪ ಬೇಡವೆನ್ನುವ ತರ್ಕ ಅದು.

ಇನ್ನೊಂದು ಸಂಗತಿ ಕೇಳಿದರೆ ನಿಮಗೂ ಸಿಟ್ಟು ಬಂದೀತು. ಮಹಾನ್ ವಾದಕರ ಸಾಲಿಗೆ ಸೇರಿದ ಜೋಸೆಫ್ ಹಾಫ್‌ಮನ್ (1876-1957) ಅವರ ಕೈ ಚಿಕ್ಕದಿತ್ತು. ಸ್ಟೈನ್‌ವೇ ಕಂಪನಿ ಅವರಿಗಾಗಿ ಕಿರಿದಾದ ಪಟ್ಟಿಗಳ ಪಿಯಾನೋ ಮಾಡಿಕೊಟ್ಟಿತು. ಅಂದರೆ ವಿದ್ಯೆ ಗೊತ್ತಿತ್ತು. ಕೇಳಿದವರು ಯಾರು ಎಂಬುದಷ್ಟೇ ಪ್ರಶ್ನೆ.

ಬಳೆಗಾರ ನಮ್ಮ ಕೈಯನ್ನು ಹಿಡಿದು, ಮೆಲ್ಲಗೆ ಒತ್ತಿ ನೋಡಿ, ಎರಡು-ನಾಲ್ಕೋ ಎರಡು-ಆರೋ ತೆಗೆಯುತ್ತಾನೆ. ಒಂದೇ ಅಳತೆಯ ಬಳೆ ತಂದು, ಏರದಿದ್ದರೆ ನಿಮ್ಮ ಕೈಯೇ ಸರಿಯಿಲ್ಲ ಎಂದರೆ ಅವನ ಮಲಾರವನ್ನು ಜಗಲಿಯಿಂದ ಇಳಿಸಿ ಕಳಿಸುತ್ತೇವೆ. ಬಳೆಗಾರನಿಗಿರುವ ಈ ವಿವೇಕ ದೊಡ್ಡ ಸಭಾಂಗಣಗಳನ್ನೂ ಸಂಗೀತ ಶಾಲೆಗಳನ್ನೂ ನಡೆಸುವವರಿಗೆ ಯಾಕಿಲ್ಲ? ಅಮೆರಿಕದ ಡೇವಿಡ್ ಸ್ಟೈನ್‌ಬೂಲರ್ ಸ್ಥಾಯಿಗೆ 15.2 ಮತ್ತು 14 ಸೆಂಟಿಮೀಟರಿನ ಪಟ್ಟಿಗಳ ಸಾಲನ್ನು ಮಾಡಿದ್ದಾರೆ. ಇರುವ ಪಿಯಾನೋದಿಂದಲೇ ಹಳೆಯ ಸಾಲನ್ನು ಎಳೆದು ಇದನ್ನು ಕೂರಿಸಬಹುದು. ವಾದ್ಯ ಅದೇ, ನಾದ ಅದೇ.

ಕೈ ಚಿಕ್ಕದು, ಶಕ್ತಿ ಸಾಲದು, ಇನ್ನಷ್ಟು ಸಾಧನೆ ಮಾಡು ಎಂಬ ಮಾತು ಕೇಳಿ ಎಷ್ಟು ಹುಡುಗಿಯರು ನೋಯುವ ಮಣಿಕಟ್ಟನ್ನು ನೀವಿಕೊಂಡು ಸುಮ್ಮನಾಗಿರಬಹುದು! ಅವರಲ್ಲಿ ಒಬ್ಬಳಾದರೂ ಎದ್ದು ನಿಂತು, ನನ್ನ ಕೈ ಚಿಕ್ಕದಲ್ಲ, ನಿಮ್ಮ ಪಟ್ಟಿ ಅಗಲ, ಎಂದು ಹೇಳಲಿ. ಪಿಯಾನೋ ಕಾಣದ ನಮ್ಮ ಊರುಗಳ ಹುಡುಗಿಯರೂ ಆ ಮಾತನ್ನು ಕಲಿತಿಟ್ಟುಕೊಳ್ಳಲಿ. ಬೇರೆ ಬೇರೆ ಕಡೆ ಅದು ಬೇಕಾಗುತ್ತದೆ.