ಕಲ್ಲಿನ ಚರಿತ್ರೆ ಯಾರ ಸ್ವತ್ತು?

ಹರಿಹರೇಶ್ವರನ ಗುಡಿಯನ್ನು ದೇವತೆಗಳು ಒಂದೇ ರಾತ್ರಿಯಲ್ಲಿ ಕಟ್ಟಿದರಂತೆ! ಗುತ್ತೂರಿನ ಕಾರ್ಮಿಕ ಗೆಳೆಯರೊಡನೆ ಹರಿಹರಕ್ಕೆ ಹೋಗಿದ್ದ ನಮಗೆ, ಸ್ಥಳ ತೋರಿಸುವವನೊಬ್ಬ ಹೀಗೆ ಹೇಳಿ ಕೈಯೊಡ್ಡಿದ. ಆಯುಷ್ಯವನ್ನೆಲ್ಲ ಲೇತ್ ಯಂತ್ರದ ಮುಂದೆ ಸವೆಸಿದ ಹಿರಿಯರೊಬ್ಬರು ಮಂಟಪದ ಕಂಬದ ಮೇಲೆ ಕೈಯಾಡಿಸಿ, "ಮೇಷ್ಟ್ರೇ, ಇದು ದೇವತೆಗಳ ಕೆಲಸವಲ್ಲ. ನಮ್ಮಂಥವನೇ ಕಲ್ಲನ್ನು ತಿರುಗಿಸಿ ಕಡೆದಿದ್ದಾನೆ" ಎಂದರು.

ಹಿರಿಯರ ಮಾತೇ ದಿಟ. ಸುಮಾರು 1224ರಲ್ಲಿ ಈ ಗುಡಿಯನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮ ಅದನ್ನು ಬೆಳೆಸಿದ. ಇದಕ್ಕೆ ಶಾಸನಗಳೇ ಸಾಕ್ಷಿ. ಹರಿಹರ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ನೂರು ವರ್ಷಕ್ಕೂ ಹಿಂದೆಯೇ, ಬಿ. ಎಲ್. ರೈಸ್ ಅವರು ಆ ಜಿಲ್ಲೆಯ ಶಾಸನಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿದರು. ಅವನ್ನು ಓದಿದವರೆಷ್ಟು? ಓದಿ ಜನರಿಗೆ ಹೇಳಿದವರೆಷ್ಟು?

ಕಥೆಯೇ ಬೇಡವೆಂದು ನಾವು ಹೇಳುವುದಿಲ್ಲ. ಶಿವನಿಂದಲೂ ಸಾವಿಲ್ಲ, ವಿಷ್ಣುವಿನಿಂದಲೂ ಸಾವಿಲ್ಲವೆಂದು ಮೆರೆದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಕೊಂದ ಕಥೆ ಸೊಗಸಾದದ್ದೇ. ಬಲಕ್ಕೆ ಹರ, ಎಡಕ್ಕೆ ಹರಿ ನಿಂತ ಆ ಮೂರ್ತಿ, ಮತದ ಹೆಸರಿನಲ್ಲಿ ಕಚ್ಚಾಡುವವರಿಗೆ ಇಂದಿಗೂ ಪಾಠ. ಆದರೆ ಕಥೆಯನ್ನು ಕಥೆಯೆಂದು ಹೇಳಲಿ, ಶಾಸನವನ್ನು ಶಾಸನವೆಂದು ಹೇಳಲಿ.

"ಹೊಟ್ಟೆಪಾಡಿನ ಜನಕ್ಕೆ ಚರಿತ್ರೆ ಯಾತಕ್ಕೆ?" ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ಅವರಿಗೆ ನಮ್ಮ ಉತ್ತರ ಇದು: ಕಡೆದ ಕಂಬಗಳ ಇದೇ ಊರಿನಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕರು ಲೇತ್ ಯಂತ್ರಗಳನ್ನೇ ತಯಾರಿಸಿದರು. ಆ ಕಾರ್ಖಾನೆ ಇಂದಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಹತ್ತಿ ಗಿರಣಿಗಳೂ ಬಹುಪಾಲು ಬಾಗಿಲು ಹಾಕಿವೆ. ನಾವು ಇಂದು ಬಾಯಿ ಮುಚ್ಚಿ ಕುಳಿತರೆ, ಆ ಗಿರಣಿಗಳನ್ನು ಸಾಹುಕಾರರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ನಾಳಿನವರು ನಮ್ಮ ಮೊಮ್ಮಕ್ಕಳಿಗೆ ಹೇಳಿಯಾರು!

ಸ್ಥಳ ತೋರಿಸುವ ಆ ಬಡವನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದವರಿಲ್ಲ, ಸಂಬಳ ಕೊಟ್ಟವರೂ ಇಲ್ಲ. ಆದ್ದರಿಂದ ನಮ್ಮ ಬೇಡಿಕೆಗಳು ಇವು: ಸ್ಥಳೀಯ ಯುವಕ ಯುವತಿಯರಿಗೂ ನಿವೃತ್ತ ಕಾರ್ಮಿಕರಿಗೂ ಸರ್ಕಾರ ಮಾರ್ಗದರ್ಶಿಗಳ ತರಬೇತಿ ಕೊಡಲಿ. ನಿಗದಿಯಾದ ಸಂಬಳ ಕೊಡಲಿ. ಶಾಸನ ಸಂಪುಟ ಊರಿನ ಗ್ರಂಥಾಲಯದಲ್ಲಿ ಎಲ್ಲರ ಕೈಗೆ ಸಿಗಲಿ. ವ್ಯಾಪಾರಿ ಮಿತ್ರರೂ ಇದಕ್ಕೆ ದನಿಗೂಡಿಸಬೇಕು. ಒಂದು ಗಂಟೆ ಹೆಚ್ಚು ನಿಂತ ಯಾತ್ರಿಕ ನಿಮ್ಮ ಅಂಗಡಿಯಲ್ಲೇ ಚಹಾ ಕುಡಿಯುತ್ತಾನೆ, ಮಂಡಕ್ಕಿ ತಿನ್ನುತ್ತಾನೆ.

ಇದೇ ಸೋಮ ದಂಡನಾಯಕ ಕಟ್ಟಿಸಿದ ಸೋಮನಾಥಪುರದ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಕಲ್ಲಿನ ಮೇಲೆ ಇಂದಿಗೂ ಉಳಿದಿದೆ. ದಂಡನಾಯಕನ ಹೆಸರು ಹೇಳುವ ಬಾಯಿ, ಉಳಿ ಹಿಡಿದವನ ಹೆಸರನ್ನೂ ಹೇಳಲೇಬೇಕು.