ಲೇಡೀಸ್ ಸೈಕಲ್ ಎಂದು ನಾಚಬೇಡಿ



ಹಸು ಸ್ವಲ್ಪ ಕುಂಟಿದರೂ ನೀವು ನನಗೆ ಫೋನ್ ಮಾಡುತ್ತೀರಿ. ನಿಮ್ಮ ಮಂಡಿನೋವನ್ನು ಮಾತ್ರ "ವಯಸ್ಸಾಯ್ತಲ್ಲ ಡಾಕ್ಟ್ರೇ" ಎಂದು ತಳ್ಳಿಹಾಕುತ್ತೀರಿ. ಆದ್ದರಿಂದ ಈ ಸಲ ನಿಮ್ಮ ಸೈಕಲ್ಲಿನ ಬಗ್ಗೆ ಎರಡು ಮಾತು.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಮನೆಗೆ ಕೆಚ್ಚಲು ಬಾವಿನ ಚಿಕಿತ್ಸೆಗೆ ಹೋಗಿದ್ದೆ. ಅರವತ್ತೈದು ದಾಟಿದ ಯಜಮಾನರು ಸೊಂಟದ ಮೂಳೆ ಮುರಿದು ಮಲಗಿದ್ದರು. ಓಡುವ ಸೈಕಲ್ಲಿನಿಂದ ಬಿದ್ದದ್ದಲ್ಲ. ನಿಂತ ಸೈಕಲ್ ಹತ್ತುವಾಗ ಕಾಲು ಅಡ್ಡ ಬಾರಿಗೆ ಸಿಕ್ಕಿ ಬಿದ್ದದ್ದು. ದಿನವೂ ಅವರೇ ಕರೆಯುತ್ತಿದ್ದ ಹಸು ಹೊಸ ಕೈಗೆ ಸರಿಯಾಗಿ ಸೊರೆ ಬಿಡಲಿಲ್ಲ. ಹಾಲು ಉಳಿದು ಕೆಚ್ಚಲು ಕೆಟ್ಟಿತು. ಯಜಮಾನ ಬಿದ್ದರೆ ಕೊಟ್ಟಿಗೆಯೂ ಬೀಳುತ್ತದೆ.

ಕಾರಣ ಸರಳ. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್ ಇದ್ದರೆ ಹಿಂದಿನಿಂದ ಕಾಲು ಬೀಸಿ ಹತ್ತುವಂತಿಲ್ಲ. ಮುಂದಿನಿಂದ ಮಂಡಿ ಎತ್ತಿ ಬಾರನ್ನು ದಾಟಿಸಬೇಕು. ಪಂಚೆ ಬೇರೆ ಸೀಟಿಗೆ ಸಿಕ್ಕಿಕೊಳ್ಳುತ್ತದೆ. ಹತ್ತು ಲೀಟರ್ ಹಾಲು ಹತ್ತು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಸೈಕಲ್ ವಾಲಿದರೆ ಒಂಟಿ ಕಾಲಲ್ಲಿ ನಿಂತವರು ತಡೆಯುವುದು ಕಷ್ಟ.

ಪರಿಹಾರ ಹಲವರ ಮನೆಯಲ್ಲೇ ಇದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಹೆಣ್ಣುಮಕ್ಕಳಿಗೆ ಬಂದದ್ದು ಬಾರು ಕೆಳಗಿಳಿದ ಸೈಕಲ್. ಮಗಳು ಮದುವೆಯಾಗಿ ಹೋದಳು, ಸೈಕಲ್ ಕೊಟ್ಟಿಗೆ ಹಿಂದೆ ತುಕ್ಕು ಹಿಡಿಯುತ್ತಿದೆ. "ಲೇಡೀಸ್ ಸೈಕಲ್ ಹತ್ತಿ ಡೇರಿಗೆ ಹೋಗೋದಾ?" ಎನ್ನುತ್ತೀರಿ. ಸೀರೆ, ಲಂಗಕ್ಕೆ ತೊಡಕಾಗದಿರಲಿ ಎಂದು ಬಾರನ್ನು ಇಳಿಸಿದ್ದು. ನಮ್ಮ ಪಂಚೆಗೂ ಅದೇ ಅನುಕೂಲ. ನಿಮ್ಮ ಎಚ್.ಎಫ್. ಹಸುವಿನ ಮೂಲ ನಾಡಾದ ಹಾಲೆಂಡಿನಲ್ಲಿ ವಯಸ್ಸಾದ ಗಂಡಸರೂ ಇಂಥ ಸೈಕಲ್ ಓಡಿಸುತ್ತಾರೆ.

ಹೊಸದು ಕೊಳ್ಳುವುದಾದರೆ ಪಂಚೆ ಉಟ್ಟೇ ಅಂಗಡಿಗೆ ಹೋಗಿ, ನಾಲ್ಕು ಸಲ ಹತ್ತಿ ಇಳಿದು ನೋಡಿ. ಪಾದವನ್ನು ಮಂಡಿಯ ಎತ್ತರಕ್ಕೂ ಎತ್ತದೆ ಆಚೆ ದಾಟಿಸುವಂತಿರಬೇಕು. ಸೀಟಿನಲ್ಲಿ ಕುಳಿತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಬೇಕು. ಹಳೆಯದಾದರೆ ಸೀಟು ನಿಮ್ಮ ಎತ್ತರಕ್ಕೆ ಹೊಂದುತ್ತದೆಯೇ, ಬೆಸುಗೆಯಲ್ಲಿ ಬಿರುಕಿದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ಮೊದಲು ನೋಡಿಸಿ.

ಇದಕ್ಕೂ ಒಂದು ಮಿತಿ ಇದೆ. ಮೇಲಿನ ಬಾರ್ ಇಲ್ಲದ ಚೌಕಟ್ಟು ಭಾರಕ್ಕೆ ಸ್ವಲ್ಪ ಅಲುಗುತ್ತದೆ. ಹಾಲಿನ ಕ್ಯಾನ್ ಸರಿ, 50 ಕಿಲೋ ಪಶು ಆಹಾರದ ಮೂಟೆ ಬೇಡ. ಹತ್ತುವಾಗ ಸಮತಟ್ಟು ಜಾಗ ನೋಡಿ, ಎರಡೂ ಬ್ರೇಕ್ ಹಿಡಿದುಕೊಳ್ಳಿ. ಕಳಸದ ಕಡೆಯ ಇಳಿಜಾರುಗಳಲ್ಲಿ, ಅದರಲ್ಲೂ ಮಳೆಯಲ್ಲಿ, ಇಳಿದು ತಳ್ಳಿಕೊಂಡೇ ಹೋಗಿ.

ಆ ಯಜಮಾನರು ಈಗ ಕೋಲು ಹಿಡಿದು ನಡೆಯುತ್ತಾರೆ. ಅವರ ಕೊಟ್ಟಿಗೆ ಹಿಂದೆಯೂ ಮಗಳ ಸೈಕಲ್ ನಿಂತಿತ್ತು. ನಿಮ್ಮ ಮನೆಯದನ್ನು ಈ ವಾರವೇ ಹೊರಗೆ ತೆಗೆಯಿರಿ.

— ಪಶುವೈದ್ಯಾಧಿಕಾರಿ