ರೊಕ್ಕ ಡಬ್ಬಿಗೋ, ಪಡಸಾಲಿಗೋ?

ದೀಪಾವಳಿ ಹತ್ರ ಬಂತಂದ್ರ ನಮ್ಮ ಓಣ್ಯಾಗ ಹೋಮ್ ಥಿಯೇಟರಿನ ಮಾತು ಶುರು ಆಗ್ತದ. ಈ ವರ್ಷ ನಮ್ಮ ಮನ್ಯಾಗೂ ನಡದದ. ಅಂಗಡ್ಯಾಗ ಮಾತು ಆಗೂ ಮುಂದ ನಾವು ಹೆಂಗಸರು ಒಂದು ಬಾಜು ಕುರ್ಚೆ ಮ್ಯಾಲೆ ಕೂತು, "ಅದೆಲ್ಲಾ ಅವರಿಗೇ ಗೊತ್ತ್ರಿ" ಅಂದ್ಬಿಡ್ತೀವಿ. ಹಂಗ ಅನಬಾರದು ಅಂತ ನನ್ನ ಅಭಿಪ್ರಾಯ. ರೊಕ್ಕ ಮನಿದು, ಪಡಸಾಲಿ ಮನಿದು, ಕಿವಿ ಎಲ್ಲಾರವೂ. ಮ್ಯಾಲೆ ಈ ವಿಷಯ ತಿಳೀಲಾರದಂಥಾದ್ದೇನೂ ಅಲ್ಲ.

ರಿಸೀವರ್ ಅಂದ್ರ ಟಿವಿ ಕೆಳಗ ಇಡೂ ಕರೀ ಡಬ್ಬಿ. ಬಂದ ಧ್ವನಿಯನ್ನ ಬಿಡಿಸಿ, ಯಾವ ಸ್ಪೀಕರಿಗೆ ಏನು ಹೋಗಬೇಕೋ ಅದನ್ನ ಹಂಚಿ, ಶಕ್ತಿ ತುಂಬಿ ಕಳಸೂದು ಅದರ ಕೆಲಸ. 5.1 ಅಂದ್ರ ಐದು ಸ್ಪೀಕರು, ಒಂದು ಸಬ್ ವೂಫರು. ಸಿನಿಮಾದಾಗ ಆಡೂ ಮಾತು ಹೆಚ್ಚಿನಂಶ ನಡುವಿನ ಸ್ಪೀಕರಿನಿಂದ ಬರ್ತದ. ಇದನ್ನೊಂದು ನೆನಪಿಡ್ರಿ, ಮುಂದ ಬೇಕಾಗ್ತದ.

ಈಗ ಅಂಗಡಿಯವರು ಹೇಳೂ ದೊಡ್ಡ ಮಾತು ಅಂದ್ರ ರೂಮ್ ಕರೆಕ್ಷನ್. ಡಬ್ಬಿ ಜೋಡಿ ಒಂದು ಸಣ್ಣ ಮೈಕ್ ಬರ್ತದ. ಅದನ್ನ ನಾವು ಕೂಡೂ ಜಾಗಾದಾಗ ಕಿವಿ ಎತ್ತರಕ್ಕ ಇಟ್ರ, ಒಂದೊಂದ ಸ್ಪೀಕರಿನಿಂದ ಸುಂಯ್ ಅಂತ ಸಪ್ಪಳಾ ಬಿಟ್ಟು ಡಬ್ಬಿ ತಾನೇ ಕೇಳ್ತದ. ಯಾವ ಸ್ಪೀಕರ್ ಎಷ್ಟು ದೂರ, ಯಾವುದು ಜೋರು, ಯಾವ ಸ್ವರ ಉಬ್ಬ್ಯದ ಅಂತ ಅಳದು ತಿದ್ದಿಕೊಳ್ತದ. ಡೆನಾನ್, ಮರಾಂಟ್ಜ್ ಡಬ್ಬ್ಯಾಗ ಇದಕ್ಕ ಆಡಿಸ್ಸಿ ಅಂತಾರ, ಯಾಮಾಹಾದಾಗ ವೈಪಿಎಒ, ಓಂಕಿಯೋದ ಕೆಲವು ಮಾದರ್ಯಾಗ ಡಿರಾಕ್ ಲೈವ್. ಇದರಾಗೂ ಮೆಟ್ಟಲ ಅವ. ಡೆನಾನ್ ಎಕ್ಸ್1800ಎಚ್ ನ್ಯಾಗ ಮಲ್ಟ್‌ಇಕ್ಯೂ ಎಕ್ಸ್‌ಟಿ ಬರ್ತದ, ಎಕ್ಸ್3800ಎಚ್ ನ್ಯಾಗ ಅದಕ್ಕಿಂತ ಸೂಕ್ಷ್ಮ ಇರೂ ಎಕ್ಸ್‌ಟಿ32. ಆ ಮ್ಯಾಲಿನ ಮೆಟ್ಟಲಿಗೆ ರೊಕ್ಕ ಸುಮಾರು ದುಪ್ಪಟ್ಟು.

ಹಂಗಾರ ಖೋಲಿ ತಿದ್ದೂ ಗರಜಾದ್ರೂ ಏನು? ಖಾಲಿ ಹಂಡೇದಾಗ ತಲಿ ಹಾಕಿ ಮಾತಾಡಿದ್ರ ಘುಂ ಅಂತದಲ್ಲಾ, ಪಡಸಾಲಿನೂ ಒಂದು ದೊಡ್ಡ ಹಂಡೇನ. 14 ಫೂಟ್ ಉದ್ದದ ಖೋಲ್ಯಾಗ 40 ಹರ್ಟ್ಝ್ ಸುತ್ತಮುತ್ತಲಿನ ದಪ್ಪ ಸ್ವರ ಎರಡು ಗ್ವಾಡಿ ನಡುವ ಸಿಕ್ಕೊಂಡು ತೂಗ್ತದ. ಆ ಸ್ವರ ಗ್ವಾಡಿ ಹತ್ರ ರಾಶಿ ಬೀಳ್ತದ, ಖೋಲಿ ನಟ್ಟನಡುವ ಮಾಯ ಆಗ್ತದ. ಅದಕ್ಕ ಗ್ವಾಡಿಗೆ ಆತು ಕೂತವರಿಗೆ ಢಂ ಢಂ ಅಂತ ತಲಿಬ್ಯಾನಿ, ನಡುವ ಕೂತವರಿಗೆ "ಸಬ್ ವೂಫರ್ ಹಚ್ಚೀರೇನು?" ಅನ್ನೂ ಸಂಶಯ.

ಈ ಉಬ್ಬನ್ನ ಒತ್ತೂದು ಕರೆಕ್ಷನ್ನಿಗೆ ಛಲೋ ಬರ್ತದ. ಅದು ಖರೇನ ಉಪಯೋಗದ್ದು. ಆದ್ರ ತಗ್ಗು ತುಂಬೂದು ಅದರ ಕೈಲೆ ಆಗೂದಿಲ್ಲ. 10 ಡೆಸಿಬೆಲ್ ಏರಸಬೇಕಂದ್ರ ಹತ್ತು ಪಟ್ಟು ಶಕ್ತಿ ಬೇಕು, ಅಷ್ಟು ಸುರುವಿದ್ರೂ ತಿರುಗಿ ಬಂದ ಅಲೆ ಅದನ್ನ ಮತ್ತ ನುಂಗಿ ಹಾಕ್ತದ. ತೂತಿನ ಕೊಡಕ್ಕ ನೀರು ಹಾಕಿಧಂಗ. ಅದಕ್ಕ ಔಷಧ ಅಂದ್ರ ಸೋಫಾ ಒಂದೆರಡು ಫೂಟ್ ಸರಸೂದು, ಇಲ್ಲಾ ಸಬ್ ವೂಫರಿನ ಜಾಗಾ ಬದಲಸೂದು. ಇದಕ್ಕ ಒಂದು ರೂಪಾಯಿನೂ ಬ್ಯಾಡ.

ಇನ್ನೊಂದು, ಮಾರ್ದನಿ. ನಮ್ಮ ಕಡೆ ಶಹಾಬಾದ್ ಫರಸಿ, ಇಲ್ಲಾ ಟೈಲ್ಸು, ಬರೇ ಗ್ವಾಡಿ, ಮ್ಯಾಲೆ ಆರ್‌ಸಿಸಿ. ಆಡಿದ ಮಾತು ಚಂಡಿನಂಗ ಪುಟೀತದ, ಒಂದು ಶಬ್ದದ ಮ್ಯಾಲೆ ಇನ್ನೊಂದು ಬಿದ್ದು ಕಲಸಿಹೋಗ್ತದ. ಪುಟಿಯೂದನ್ನ ಯಾವ ಡಬ್ಬಿನೂ ನಿಲ್ಲಸೂದಿಲ್ಲ. ದಪ್ಪನ್ನ ಜಮಖಾನಿ, ಖಿಡಕಿಗೆ ಭಾರಾದ ಪಡದೆ, ಅರಬಿ ಸೋಫಾ, ತುಂಬಿದ ಪುಸ್ತಕದ ಕಪಾಟು ಇವು ನಿಲ್ಲಸ್ತಾವ. ನಮ್ಮ ನವಲಗುಂದದ ಹೆಣ್ಣುಮಕ್ಕಳು ನೇಯ್ದ ಜಮಖಾನಿ ಇದ್ರ ಕಪಾಟಿನಿಂದ ಹೊರಗ ತಗೀರಿ. ಹಂಗಂತ ಜಮಖಾನಿ ಹಾಸಿದ್ರ ಎಲ್ಲಾ ಸರಿ ಆಗ್ತದ ಅನ್ನೂದಿಲ್ಲ. ದಪ್ಪ ಸ್ವರಕ್ಕ ಅರಬಿ ಲೆಕ್ಕಕ್ಕಿಲ್ಲ, ಅಲ್ಲೆ ಡಬ್ಬಿನೇ ಬೇಕು. ಒಬ್ಬೊಬ್ಬರದು ಒಂದೊಂದ ಕೆಲಸ.

ಅದಕ್ಕ ನನ್ನ ಮಾತು ಇಷ್ಟು. ಕರೆಕ್ಷನ್ ಇಲ್ಲದ ಡಬ್ಬಿ ಬ್ಯಾಡ. ನಡುವಿನ ದರ್ಜೇದ್ದು ತೊಗೋರಿ. ಆದ್ರ ಬರೇ ಇನ್ನೂ ಸೂಕ್ಷ್ಮದ ಕರೆಕ್ಷನ್ ಸಲುವಾಗಿ ದುಪ್ಪಟ್ಟು ಕೊಡಬ್ಯಾಡ್ರಿ. ಉಳದ ರೊಕ್ಕದಾಗ ನಡುವಿನ ಸ್ಪೀಕರ್ ಛಲೋದು ಬರ್ತದ, ಜಮಖಾನಿ, ಪಡದೆನೂ ಬರ್ತಾವ. ಮನಿ ಮಂದಿಗೆ ಬೇಕಾದದ್ದು ಮಾತು ತಿಳಿಯೂದು.

"ಅವ್ವಾ, ಎಕ್ಸ್‌ಟಿ32 ಸಬ್ ವೂಫರನ್ನ ಭಾಳ ಛಂದ ತಿದ್ದತದ" ಅಂತ ನಮ್ಮ ಮಗಾ ವಾದಾ ಮಾಡ್ತಾನ. ಅವಾ ಹೇಳೂದು ಸುಳ್ಳಲ್ಲ. ಎರಡು ಸಬ್ ವೂಫರು, ಮಾಡಿಗೆ ನಾಕು ಸ್ಪೀಕರು, ಸಿನಿಮಾಕ್ಕಂತನ ಬ್ಯಾರೆ ಖೋಲಿ ಇದ್ದವರಿಗೆ ಆ ರೊಕ್ಕ ವಸೂಲ ಆಗ್ತದ. ಹನ್ನೊಂದಕ್ಕ ಹದಿನಾಕರ ಪಡಸಾಲ್ಯಾಗ, ಊಟದ ಟೇಬಲ್ಲು, ಇಸ್ತ್ರಿ ಅರಬಿ, ಮೊಮ್ಮಕ್ಕಳ ಸೈಕಲ್ಲಿನ ನಡುವ ಕೂತು ನೋಡವರಿಗೆ ಮೊದಲ ಬೇರೆ ಖರ್ಚವ.

ಕಡೀಕ ನಾವು ಬಾಯಿ ಬಿಟ್ಟು ಕೇಳಲೇಬೇಕಾದದ್ದೊಂದದ. ಮೈಕ್ ಯಾರ ಕಿವಿ ಹತ್ರ ಇಡ್ತೀರಿ? ಆರೋ ಎಂಟೋ ಕಡೆ ಇಟ್ಟು ಅಳಿಯೂ ಅನುಕೂಲ ಇರ್ತದ, ಆದ್ರ ಹೆಚ್ಚಿನ ಮನ್ಯಾಗ ಎಲ್ಲಾ ಅಳತಿ ಯಜಮಾನರ ಸೋಫಾದ ಸುತ್ತನ ಮುಗೀತದ. ಕಿವಿ ಮಂದ ಆದ ಅತ್ತಿಯವರ ಕುರ್ಚೆ ಮೂಲ್ಯಾಗ, ಗ್ವಾಡಿಗೆ ಹತ್ತಿ ಇರ್ತದ. ಅವರಿಗೇ ಎಲ್ಲಾಕಿಂತ ಹೆಚ್ಚು ಘುಂ, ಎಲ್ಲಾಕಿಂತ ಕಮ್ಮಿ ಮಾತು. ಆ ಕುರ್ಚೆ ಗ್ವಾಡಿಯಿಂದ ಒಂದೆರಡು ಫೂಟ್ ಮುಂದ ತಂದು ಸೋಫಾದ ಸಾಲಿಗೆ ಹಾಕ್ರಿ, ಒಂದು ಅಳತಿ ಅಲ್ಲೂ ತೊಗೊಳ್ರಿ. ಆಮ್ಯಾಲೆನೂ ಮಾತು ತಿಳೀಲಿಲ್ಲಂದ್ರ ನಡುವಿನ ಸ್ಪೀಕರ್ ಎರಡೋ ಮೂರೋ ಡೆಸಿಬೆಲ್ ಏರಸ್ರಿ.

ಅಳಿಯೂ ಮುಂದ ಫ್ಯಾನ್ ಬಂದ್ ಇರಲಿ, ಕುಕ್ಕರ್ ಇಳಸ್ರಿ, ಮಿಕ್ಸರ್ ಮುಟ್ಟಬ್ಯಾಡ್ರಿ. ಮೈಕ್ ಕೈಯಾಗ ಹಿಡೀಬಾರದು, ತಲಿದಿಂಬಿನ ಮ್ಯಾಲೂ ಇಡಬಾರದು, ಸ್ಟ್ಯಾಂಡಿಗೆ ಸಿಗಸಬೇಕು. ಮನ್ಯಾಗ ಒಂದು ಕಾಲು ತಾಸು ಎಲ್ಲಾರೂ ಸುಮ್ಮನಿರಬೇಕು. ರಿಸೀವರ್ ಆರಿಸೂದಕ್ಕಿಂತ ಅದ ಕಷ್ಟದ ಕೆಲಸ ನೋಡ್ರಿ.